ಅಮಾತೆಪ್ಪನ ಮೊಣಕಾಲು

ಭೀಮವ್ವ ಮೂವತ್ತೆರಡು ವರ್ಷ ಮೀನು ಮಾರಿದಳು. ಒಂದು ದಿನವೂ ತಕ್ಕಡಿ ಹಿಡಿಯಲಿಲ್ಲ. ಗೋಣಿತಟ್ಟಿನ ಮೇಲೆ ಪಾಲು ಹಾಕುತ್ತಿದ್ದಳು, ಪಾಲಿಗೆ ಇಷ್ಟು ಎಂದರೆ ಇಷ್ಟೇ. ಚೌಕಾಸಿಗೆ ನಿಂತವರಿಗೆ ಉತ್ತರ ಕೊಡದೆ ಅವರ ಹಿಂದಿನ ಗಿರಾಕಿಯ ಮುಖ ನೋಡುತ್ತಿದ್ದಳು. ಹೊಳೆದಂಡೆಯ ಊರಿನಿಂದ ಹುಣಸಗಿ ಸಂತೆಗೆ ಬುಟ್ಟಿ ಹೊತ್ತು ನಡೆದೇ ಹೋಗುತ್ತಿದ್ದಳು. ಬಸ್ಸು ಇರಲಿಲ್ಲವೆಂದಲ್ಲ. ಒಮ್ಮೆ ಒಬ್ಬ ಕಂಡಕ್ಟರ್ ವಾಸನೆ ಬರುತ್ತದೆಂದು ಬುಟ್ಟಿ ಕೆಳಗಿಳಿಸಿದ್ದ. ಇನ್ನು ನಿನ್ನ ಬಸ್ಸು ಹತ್ತುವುದಿಲ್ಲ ಎಂದು ಅವನಿಗೆ ಹೇಳಿದ್ದಳು. ಆ ಕಂಡಕ್ಟರ್ ನಿವೃತ್ತನಾಗಿ ಹೋದ ಮೇಲೂ ಭೀಮವ್ವ ಹನ್ನೊಂದು ವರ್ಷ ನಡೆದಳು.

ಆ ನಡಿಗೆಯೆಲ್ಲ ಈಗ ಅವಳ ಬಲ ಮೊಣಕಾಲಿನಲ್ಲಿ ಬಂದು ಕೂತಿತ್ತು. ಸುರಪುರದಲ್ಲಿ ಮಗನ ಮನೆ ಸೇರಿದ ಮೇಲೆ ಹೊಸ್ತಿಲು ದಾಟಲು ಅವಳಿಗೆ ಸೊಸೆಯ ಭುಜ ಬೇಕಾಗುತ್ತಿತ್ತು. ಮಗ ಬಸಲಿಂಗ ಕಡೇಚೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿಕೊಂಡು ಸೈದಾಪುರದಲ್ಲೇ ಕೋಣೆ ಹಿಡಿದಿದ್ದ, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ. ಹಾಗಾಗಿ ಅತ್ತೆಯ ಮೊಣಕಾಲು ಸೊಸೆ ಸುಮಲತಾಳ ಕೆಲಸವಾಯಿತು, ಮಗಳು ಮೌನಿಕಾಳ ಹೋಂವರ್ಕಿನ ಹಾಗೆ, ಗ್ಯಾಸ್ ಸಿಲಿಂಡರಿನ ಹಾಗೆ.

ಮನೆಗೆ ಜಪಾನಿನ ಕಾರ್ಟೂನ್ ಬಂದದ್ದು ಮೌನಿಕಾಗೆ ಮೈಮೇಲೆ ಅಮ್ಮ ಎದ್ದಾಗ. ಶಾಲೆಗೆ ಕಳಿಸುವಂತಿಲ್ಲ, ಹೊರಗೆ ಬಿಡುವಂತಿಲ್ಲ. ಬೇವಿನ ಸೊಪ್ಪಿನ ಪಕ್ಕದಲ್ಲಿ ಮೊಬೈಲು ನಿಲ್ಲಿಸಿ ಸುಮಲತಾ ವಾಲಿಬಾಲ್ ಆಡುವ ಹುಡುಗರ ಕಥೆಯೊಂದನ್ನು ಹಚ್ಚಿದಳು. ಮೊದಲ ಕಂತು ಮುಗಿಯುವಷ್ಟರಲ್ಲಿ ಭೀಮವ್ವ ಮಂಚದಿಂದ ಜರಗಿ ಮೊಮ್ಮಗಳ ಪಕ್ಕ ಕೂತಿದ್ದಳು. ಅವಳ ತವರಿನಲ್ಲಿ ಬೇಸಿಗೆಗೆ ಹೊಳೆ ಬತ್ತಿದರೆ ಹುಡುಗರು ಉಸುಕಿನಲ್ಲಿ ಬಲೆ ಕಟ್ಟಿ ವಾಲಿಬಾಲ್ ಆಡುತ್ತಿದ್ದರು, ಮೀನಿನದೇ ಬಲೆ. ಆಟ ಅವಳಿಗೆ ತಿಳಿದದ್ದೇ. ಕಾರ್ಟೂನ್ ಹಿಂದಿಯಲ್ಲಿತ್ತು, ಸಂತೆಯಲ್ಲಿ ಬದುಕಿದವಳಿಗೆ ಅದೂ ತೊಡಕಲ್ಲ. ತೊಡಕಾದದ್ದು ಹೆಸರುಗಳು ಮಾತ್ರ. ಎಲ್ಲರಿಗಿಂತ ಗಿಡ್ಡಗಿದ್ದು ಎಲ್ಲರಿಗಿಂತ ಮೇಲೆ ಹಾರುವ ಹುಡುಗನಿಗೆ ಅವಳು ಅಮಾತೆಪ್ಪ ಎಂದು ಹೆಸರಿಟ್ಟಳು. ಮನೆಯಲ್ಲಿ ಅದೇ ನಿಂತಿತು.

ಎರಡನೆಯ ಸೀಸನ್ನಿನ ಕೊನೆಯ ಕಂತಿನಲ್ಲಿ ಅಮಾತೆಪ್ಪ ಹಾರಿದ, ಇಳಿಯುವಾಗ ಕಾಲು ತಿರುಚಿ ಬಿದ್ದ. ಬಲ ಮೊಣಕಾಲು. ಮುಂದಿನದು ಬರುವ ವರ್ಷ ಎಂದು ಹೇಳಿ ಕಾರ್ಟೂನಿನವರು ಬಾಗಿಲು ಹಾಕಿಕೊಂಡರು. ಆ ವಾರವೇ ಯಾದಗಿರಿಯ ಡಾಕ್ಟರು ಭೀಮವ್ವನ ಮೊಣಕಾಲಿನ ಎಕ್ಸ್‌ರೇ ಫೋಟೋ ಬೆಳಕಿಗೆ ಹಿಡಿದು, ಮೂಳೆಗೆ ಮೂಳೆ ತಿಕ್ಕುತ್ತಿದೆ, ಆಪರೇಷನ್ ಆಗಲೇಬೇಕು ಎಂದಿದ್ದರು.

ಭೀಮವ್ವ ಮನೆಗೆ ಬಂದು ನೇರ ದೇವರ ಜಗುಲಿಗೆ ಹೋದಳು. ಅವರ ಮನೆತನದಲ್ಲಿ ದೊಡ್ಡ ಮಾತನ್ನು ನೀರು ಮುಟ್ಟಿ ಆಡುತ್ತಾರೆ. ಜಗುಲಿಯ ಮೇಲಿನ ತಂಬಿಗೆಯಲ್ಲಿ ಹೊಳೆಯ ನೀರಿರುತ್ತದೆ; ಅದರಲ್ಲಿ ಬೆರಳದ್ದಿ ಹೇಳಿದ್ದು ಗಂಗವ್ವನಿಗೆ ಹೇಳಿದಂತೆ. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಯಾರ ಸಲುವಾಗಿ ಮಾತು ಕೊಟ್ಟದ್ದೋ ಅವರೇ ತಮ್ಮ ಬಾಯಿಂದ ಬಿಟ್ಟುಕೊಟ್ಟರೆ ಮಾತ್ರ ಬಿಡುಗಡೆ. ಭೀಮವ್ವ ಬೆರಳದ್ದಿದಳು.

"ಅಮಾತೆಪ್ಪ ಎದ್ದು ಆಡ್ಲಿ. ಅವ ಆಡಿದ ಮ್ಯಾಲ ನನ್ನ ಕಾಲು ಕೊಯ್ಯಿಸ್ಕೋತೀನಿ."

ನೆರೆ ಬಂದ ಹೊಳೆಯಲ್ಲಿ ಹರಿಗೋಲು ದಾಟಿದವಳು ಅಂಜಿಕೆ ಎಂಬ ಪದವನ್ನು ಬಾಯಿಬಿಟ್ಟು ಹೇಳುವುದಿಲ್ಲ ಎಂಬುದು ಸುಮಲತಾಳಿಗೆ ಗೊತ್ತಿತ್ತು. ಅವಳು ವಾದಿಸಲಿಲ್ಲ. ಹೇಗೂ ಹುಡುಗ ಮೊದಲ ಕಂತಿನಲ್ಲೇ ಎದ್ದುಬಿಡುತ್ತಾನೆ, ಕಥೆಯ ನಾಯಕನಲ್ಲವೇ, ಎಂದುಕೊಂಡಳು. ತಿಂಗಳುಗಟ್ಟಲೆ ಓಡಾಡಿ ಆಪರೇಷನ್ನಿಗೆ ತಾರೀಖು ಹಾಕಿಸಿದಳು. ಹದಿನಾಲ್ಕು, ಬುಧವಾರ. ಅದು ತಪ್ಪಿದರೆ ಪಾಳಿ ಮತ್ತೆ ಆರು ತಿಂಗಳಿಗೆ. ಅಷ್ಟರಲ್ಲಿ ಎರಡನೆಯ ಕಾಲೂ ಕೆಡುತ್ತದೆ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಮೂರನೆಯ ಸೀಸನ್ನಿನ ಹನ್ನೆರಡನೆಯ ಕಂತು, ಅಂದರೆ ಕೊನೆಯದು, ಹನ್ನೊಂದನೇ ತಾರೀಖಿನ ಭಾನುವಾರ ಬರುವುದಿತ್ತು. ಲೆಕ್ಕ ಸರಿಯಾಗಿಯೇ ಇತ್ತು.

ಸರಿಯಿಲ್ಲದ್ದು ಸೀಸನ್ನು. ಮೊದಲ ಕಂತಿನಲ್ಲಿ ಅರ್ಧ ಹೊತ್ತು ಹಿಂದಿನ ವರ್ಷದ್ದನ್ನೇ ತೋರಿಸಿದರು. ಮೂರನೆಯದರಲ್ಲಿ ಒಬ್ಬ ಚೆಂಡು ಮೇಲಕ್ಕೆ ಹೊಡೆದ; ಅದು ಕೆಳಗೆ ಬಂದದ್ದು ಮುಂದಿನ ಭಾನುವಾರ. ನಡುವೆ ಎಲ್ಲರೂ ತಮ್ಮ ತಮ್ಮ ಬಾಲ್ಯ ನೆನೆದರು. ಹಿಂದಿಯೂ ಇರಲಿಲ್ಲ, ಜಪಾನಿ ಮಾತು, ಕೆಳಗೆ ಇಂಗ್ಲಿಷ್ ಅಕ್ಷರ. ಸುಮಲತಾ ಬಿ.ಎ. ಓದಿದ್ದರಿಂದ ಅದನ್ನು ಓದಿ ಕನ್ನಡದಲ್ಲಿ ಹೇಳುವ ಕೆಲಸವೂ ಅವಳ ಪಾಲಿಗೆ ಬಂತು. ಪ್ರೇಕ್ಷಕರು ಕೈ ಎತ್ತಿದರೆ ಎತ್ತಿದಂತೆಯೇ ಇರುತ್ತಿದ್ದರು. ಹುಡುಗರು ಬಾಯಿ ಮುಚ್ಚಿಕೊಂಡು ಮಾತಾಡುತ್ತಿದ್ದರು. ಒಬ್ಬನ ಎಡಗೈಯಲ್ಲಿ ಆರು ಬೆರಳಿವೆ ಎಂದು ಮೌನಿಕಾ ಎಣಿಸಿ ತೋರಿಸಿದಳು. ಈ ಸಲ ಮಾಡಿದ ಕಂಪನಿ ಬೇರೆಯಂತೆ ಎಂದು ಸುಮಲತಾ ಎಲ್ಲೋ ಓದಿ ಹೇಳಿದಳು.

ಭೀಮವ್ವನಿಗೆ ಅದನ್ನು ಯಾರೂ ಹೇಳಬೇಕಿರಲಿಲ್ಲ. ಮೀನು ಕೊಳ್ಳುವವಳ ಹಾಗೆ ಅವಳು ಅಮಾತೆಪ್ಪನ ಕಣ್ಣನ್ನೇ ನೋಡುತ್ತಿದ್ದಳು.

"ಮೊದಲಿನ ಕಣ್ಣು ಹೊಳ್ಯಾಗಿಂದ ಆಗ ತಂದಂಗಿದ್ವು," ಎಂದಳು. "ಇವು ಐಸಿನ್ಯಾಗ ಇಟ್ಟ ಕಣ್ಣು. ಮೂರು ದಿನದ ಮಾಲು."

ಅಮಾತೆಪ್ಪ ಮಾತ್ರ ಬೆಂಚು ಬಿಟ್ಟು ಏಳಲಿಲ್ಲ. ಮೊಣಕಾಲಿಗೆ ಬಿಳಿ ಪಟ್ಟಿ ಸುತ್ತಿಕೊಂಡು, ಟವೆಲ್ ಹೆಗಲಿಗೆ ಹಾಕಿಕೊಂಡು ಹನ್ನೊಂದು ವಾರ ಕೂತ. ಅಷ್ಟೂ ಕಂತಿನಲ್ಲಿ ಒಬ್ಬ ಡಾಕ್ಟರು ಬರಲಿಲ್ಲ, ಮನೆಯವರು ಬರಲಿಲ್ಲ. ಇವನಿಗೆ ತಾಯಿ ಇಲ್ಲವೇ ಎಂದು ಭೀಮವ್ವ ಪ್ರತಿ ವಾರ ಕೇಳುತ್ತಿದ್ದಳು. ಅದು ಸುಮಲತಾಳಿಗೂ ಗೊತ್ತಿರಲಿಲ್ಲ.

ಕೊನೆಯ ಭಾನುವಾರ ಮಧ್ಯಾಹ್ನ, ಊಟ ಆದ ಮೇಲೆ, ಮೂವರೂ ಮಂಚದ ಮೇಲೆ ಕೂತರು. ಭೀಮವ್ವ ಕಾಲು ಚಾಚಿದ್ದಳು. ಮೊಣಕಾಲು ಬದನೆಕಾಯಿಯಷ್ಟು ಬಾತಿತ್ತು. ಹತ್ತು ನಿಮಿಷ ಆಯಿತು, ಹದಿನೈದಾಯಿತು. ತಂಡ ಸೋಲುತ್ತಿತ್ತು, ಅದೂ ನಿಧಾನವಾಗಿ. ಮಾಸ್ತರ ಬೆಂಚಿನ ಕಡೆ ತಿರುಗಿದ. ಭೀಮವ್ವ ಮೊಬೈಲಿನ ಕಡೆ ಬಾಗಿದಳು. ಮಾಸ್ತರ ನೀರಿನ ಬಾಟಲಿ ತೆಗೆದುಕೊಂಡ.

ತಂಡ ಸೋತಿತು. ಹುಡುಗರೆಲ್ಲ ಹೊರಟುಹೋದರು. ಖಾಲಿ ಅಂಗಳ ನೋಡುತ್ತ ಅಮಾತೆಪ್ಪ ಒಬ್ಬನೇ ಕೂತಿದ್ದ, ಕಣ್ಣು ಮಿಟುಕಿಸದೆ, ಬಾಯಿ ಅಲುಗಿಸದೆ. ಅವನ ಧ್ವನಿ ಮಾತ್ರ ಏನೋ ಹೇಳಿತು. ಕೆಳಗೆ ಇಂಗ್ಲಿಷಿನಲ್ಲಿ ಬಂದದ್ದು ಇಷ್ಟೇ: ಇಲ್ಲಿನ ನೆಲದ ವಾಸನೆ ನನಗೆ ಇಷ್ಟ.

ಸುಮಲತಾ ಅದನ್ನು ಒಮ್ಮೆ ಓದಿಕೊಂಡಳು. ಅತ್ತೆಯ ಕಾಲು ನೋಡಿದಳು.

"ನನ್ನ ಸಲುವಾಗಿ ಯಾರೂ ಕಾಯಬ್ಯಾಡ್ರಿ ಅನ್ನಾಕತ್ತಾನ," ಎಂದಳು. "ಯಾರರ ನನ್ನ ಸಲುವಾಗಿ ಏನರ ಮಾತು ಕೊಟ್ಟಿದ್ರ, ಬಿಟ್ಟೀನಿ ಅಂತಾನ."

"ಅಷ್ಟು ಅಂದನಾ?"

"ಹೌದ್ರಿ ಅತ್ತಿ."

"ಬಾಯಿ ಅಲುಗಾಡಲಿಲ್ಲ."

"ಈ ಸಲ ಯಾರ ಬಾಯಿ ಅಲುಗಾಡ್ಯಾವ ಹೇಳ್ರಿ."

ಎರಡನೇ ತರಗತಿಯ ಮೌನಿಕಾ ಪರದೆಯ ಅಕ್ಷರ ಕೂಡಿಸಿ ಓದಲು ತುಟಿ ಮುಂದೆ ಮಾಡಿದ್ದಳು. ಸುಮಲತಾ ಅವಳನ್ನು ಹಾಲಿನ ಪಾಕೀಟು ತರಲು ಕಳಿಸಿದಳು. ಮನೆಯಲ್ಲಿ ಹಾಲಿತ್ತು. ಭೀಮವ್ವ ಸೊಸೆಯ ಭುಜ ಹಿಡಿದು ಜಗುಲಿಗೆ ಹೋದಳು, ತಂಬಿಗೆಗೆ ಬೆರಳದ್ದಿ ತನ್ನ ಪಾಡಿಗೆ ಏನೋ ಅಂದುಕೊಂಡಳು. ಬುಧವಾರಕ್ಕೆ ಯಾವ ಸೀರೆ ಎಂದು ಕೇಳಿದಳು.

ಮಂಗಳವಾರ ಶಹಾಪುರದ ಮೇಲಿನ ಬಸ್ಸಿನಲ್ಲಿ ಯಾದಗಿರಿಗೆ ಹೋದರು. ಬಸಲಿಂಗ ರಜೆ ಹಾಕಿ ಅಲ್ಲಿಗೇ ಬಂದ. ಮರುದಿನ ಬೆಳಿಗ್ಗೆ ನರ್ಸು ಬಂದು ಭೀಮವ್ವನ ಬಲ ಮೊಣಕಾಲಿನ ಮೇಲೆ ಪೆನ್ನಿನಿಂದ ಗುರುತು ಹಾಕಿದಳು. ಇಷ್ಟು ದಿನ ಯಾಕೆ ತಡ ಮಾಡಿದಿರಿ ಎಂದು ಗದರಿದಳು. ಹುಡುಗ ಆಡಲಿಲ್ಲ ಎಂದಳು ಭೀಮವ್ವ. ಮೊಮ್ಮಗನ ಮಾತಿರಬೇಕು ಎಂದುಕೊಂಡು ನರ್ಸು ಮುಂದಿನ ಹಾಸಿಗೆಗೆ ಹೋದಳು.

ಗಾಲಿಮಂಚ ಬಂತು. ಬಸಲಿಂಗ ಕಾಗದಕ್ಕೆ ಸಹಿ ಹಾಕಲು ಹೋಗಿದ್ದ. ಭೀಮವ್ವ ಸೊಸೆಯ ಮಣಿಕಟ್ಟು ಹಿಡಿದು ಹತ್ತಿರ ಎಳೆದಳು. ಕೈ ತಣ್ಣಗಿತ್ತು, ಹಿಡಿತ ಮಾತ್ರ ಸಂತೆಯದೇ.

"ಆ ಹುಡುಗ ಹಂಗ ಅಂದಿಲ್ಲ."

ಸುಮಲತಾ ಇನ್ನೊಂದು ಕೈಯಿಂದ ಅತ್ತೆಯ ಹೊದಿಕೆ ಸರಿಮಾಡಿದಳು.

"ನಾ ಮಾತು ಮುರಿದಿಲ್ಲ, ತಿಳೀತಾ? ಬಿಟ್ಟಾನ ಅಂತ ನೀ ಹೇಳಿದಿ, ನಾ ನಂಬಿದೆ. ಗಂಗವ್ವ ಕೇಳಿದ್ಲಂದ್ರ ನೀನ ಜವಾಬು ಕೊಡಬೇಕು."

"ಕೊಡ್ತೀನ್ರಿ," ಎಂದಳು ಸುಮಲತಾ. ಅತ್ತೆಯ ಕೈಬಳೆ ಬಿಚ್ಚಿ ಕರವಸ್ತ್ರದಲ್ಲಿ ಕಟ್ಟಿಕೊಂಡಳು. ಒಳಗೆ ಬಳೆ ಬಿಡುವುದಿಲ್ಲ ಎಂದು ನರ್ಸು ಎರಡು ಸಲ ಹೇಳಿದ್ದಳು.