ಮೇಲಿನಿಂದ ಕಂಡ ಖಾಲಿ ಸಾಲು

ಹಸಿರು ಬಣ್ಣದ ವಿಷಯದಲ್ಲಿ ನಾನು ಸ್ವಲ್ಪ ದುರಾಸೆಯವಳು. ಬಳೆ ಹಸಿರಿರಬೇಕು, ಕೊತ್ತಂಬರಿ ಹಸಿರಿರಬೇಕು, ಮೊಬೈಲಿನಲ್ಲಿ ನಮ್ಮ ಹೊಲದ ಫೋಟೋ ಅಂತೂ ಗಿಣಿಯ ರೆಕ್ಕೆಗಿಂತ ಒಂದು ಕೈ ಹೆಚ್ಚೇ ಹಸಿರಿರಬೇಕು. ಫಿಲ್ಟರ್ ಎಂಬ ಸೌಕರ್ಯ ಇದೆಯಲ್ಲ, ಬೆರಳು ಸವರಿದರೆ ಸಾಕು, ಒಣಗಿದ ಬೇಲಿಯೂ ಚಿಗುರುತ್ತದೆ. ಇಷ್ಟು ಸುಲಭವಾಗಿ ಸಿಗುವುದನ್ನು ಬೇಡ ಎನ್ನುವವರೂ ಇರುತ್ತಾರೆಂದು ಗೊತ್ತಾದದ್ದು ಸೊಸೆ ರೇಣುಕಾ ಮನೆಗೆ ಬಂದ ಮೇಲೆ.

ಅವಳ ತವರು ರಾಮದುರ್ಗ. ಅಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡಿರುವ ಅವಳ ಅಣ್ಣ, ತಂಗಿಗೆ ಕೆಲಸ ಕಲಿಸಿ ಒಂದು ಡ್ರೋನನ್ನೂ ಉಡುಗೊರೆ ಕೊಟ್ಟ. ಉಳಿದ ಸೊಸೆಯರು ತವರಿನಿಂದ ಬುತ್ತಿ ತರುತ್ತಾರೆ, ನಮ್ಮವಳು ಹಾರುವ ಕ್ಯಾಮರಾ ತಂದಳು. ನಮ್ಮ ಮನೋಳಿಯಲ್ಲಿ ಇದೇನು ಸಣ್ಣ ಸುದ್ದಿಯಲ್ಲ. ಯಜಮಾನರಿಗೆ ಮಾತ್ರ ಅದರ ಗುಂಯ್ ಸದ್ದು ಕೇಳಿದರೆ ತಲೆನೋವು. "ಸೊಸಿ ಹೊಲದಾಗ ನಿಂತು ಮ್ಯಾಲ ನೋಡಕೋತ ಇದ್ರ ಮಂದಿ ಏನಂದಾರು?" ಎಂದು ಗೊಣಗುತ್ತಿದ್ದರು. ಅಷ್ಟರಲ್ಲಿ ಯರಗಟ್ಟಿಯ ಬೀಜದಂಗಡಿಯ ಸಾವಕಾರರು, ಯುಗಾದಿಗೆ ಹಂಚುವ ಕ್ಯಾಲೆಂಡರಿಗೆ ಜೋಳದ ಹೊಲದ ಚಿತ್ರ ಬೇಕೆಂದು ಹೇಳಿ ಕಳಿಸಿದರು. ಯಜಮಾನರು ಷರತ್ತು ಹಾಕಿಯೇಬಿಟ್ಟರು: "ನಿನ್ನ ಫೋಟೋ ಅವರು ಒಪ್ಪಿದ್ರ ಮುಂದೂ ಹಾರಸು. ಇಲ್ಲಂದ್ರ ಅದನ್ನ ನಿಮ್ಮಣ್ಣಗ ವಾಪಸ್ ಕೊಟ್ಟು ಬಾ."

ರೇಣುಕಾ ಹೂಂ ಅಂದಳು. ಆದರೆ ಅವತ್ತು ರೊಟ್ಟಿ ಬಡಿಯುವಾಗ ಅವಳ ಕೈ ಎಂದಿಗಿಂತ ಜೋರಾಗಿ ಬೀಳುತ್ತಿತ್ತು.

ಎಳ್ಳು ಅಮಾವಾಸ್ಯೆಯ ದಿನ ಚರಗ ಚೆಲ್ಲಲು ಹೊಲಕ್ಕೆ ಹೋದೆವು. ಭೂಮಿತಾಯಿಗೆ ಎಡೆ ಮಾಡಿ, ಕಡಬು ಪಲ್ಲೆಗಳನ್ನು ಕಲಸಿ ಪೈರಿನ ಮೇಲೆ ಎರಚುತ್ತ ಹೊಲ ಸುತ್ತುವ ಹಬ್ಬ ಅದು. ರೇಣುಕಾ ಡ್ರೋನ್ ಮೇಲೇರಿಸಿ, ರಿಮೋಟಿನಲ್ಲಿ ಏನೇನೋ ತಿರುವುತ್ತ ನಿಂತಳು.

"ತಾನs ತಕ್ಕೊಳ್ಳೂದಿಲ್ಲೇನ ಅದು?" ಎಂದೆ.

"ತಕ್ಕೊಳ್ತೈತ್ರಿ ಅತ್ತಿ. ಆದ್ರ ನಮ್ಮ ಎರಿ ಹೊಲ ಕರ್ರಗ ಐತಲ್ರಿ, ಅದಕ್ಕ ಕತ್ತಲಿ ಅಂತ ತಿಳದು ಬೆಳಕ ಹೆಚ್ಚ ಮಾಡತೈತಿ. ತೆನಿಗೆಲ್ಲಾ ಸುಣ್ಣಾ ಬಳದಂಗ ಆಗತೈತಿ."

ಆದ್ದರಿಂದ ಐಎಸ್‌ಓ ಇಷ್ಟು, ಶಟರ್ ಇಷ್ಟು ಎಂದು ಎಲ್ಲವನ್ನೂ ಕೈಯಾರೆ ಇಡಬೇಕಂತೆ. ನನಗೆ ಅರ್ಥವಾದದ್ದು ನನ್ನ ಒಲೆಯ ಮಟ್ಟಿಗೆ. ಹಂಚಿನ ಕಾವು ನೋಡಿ ಕಟ್ಟಿಗೆ ಹಿಂದೆ ಮುಂದೆ ಸರಿಸುವುದು ಸೆಟಿಂಗು. ಹೊತ್ತಿದ ರೊಟ್ಟಿಗೆ ಬೆಣ್ಣೆ ಸವರಿ ತಾಟಿಗೆ ಹಾಕುವುದು ಫಿಲ್ಟರು. ಎರಡನೆಯದನ್ನು ನಾನು ಬೇಕಾದಷ್ಟು ಸಲ ಮಾಡಿದ್ದೇನೆ. ಉಂಡವರು ಸುಮ್ಮನೆ ಉಂಡಿದ್ದಾರೆ, ದೇವರ ದಯೆ.

"ಮಾವಾರ, ಒಂಚೂರು ಬಯಲಿಗೆ ನಿಂದರ್ರಿ," ಎಂದಳು ಸೊಸೆ. "ನಿಮ್ಮ ಪಟಗಾ ಬೆಳ್ಳಗ ಕಾಣುವಂಗ ಇಟ್ರ ಉಳಿದ ಬಣ್ಣಾನೂ ಖರೇ ಬರತಾವ." ಯಜಮಾನರು ತಲೆಯ ಪಟಗದ ಸುತ್ತು ಸರಿಮಾಡಿಕೊಂಡು ಗೇಣುದ್ದ ಬೆಳೆದು ನಿಂತರು. ಆ ಬಿಳುಪಿಗೆ ನಾನು ಒಗೆಯುವಾಗ ಹಾಕುವ ನೀಲಿಯೇ ಕಾರಣ ಎಂದು ನಾನು ಬಾಯಿ ಬಿಡಲಿಲ್ಲ.

ಹಾಗೆ ನೋಡಿದರೆ ಫಿಲ್ಟರು ಇವತ್ತಿನದಲ್ಲ. ನಮ್ಮ ಮದುವೆಯ ಹೊಸತರಲ್ಲಿ ಸವದತ್ತಿಯಲ್ಲಿ ತೆಗೆಸಿದ ಕಪ್ಪು ಬಿಳುಪು ಫೋಟೋದಲ್ಲಿ ನಮ್ಮ ಬೆನ್ನ ಹಿಂದೆ ಪರದೆಯ ಮೇಲೊಂದು ಜಲಪಾತ ಸುರಿಯುತ್ತದೆ. ಫೋಟೋದವನು ಕುಂಚ ಹಿಡಿದು ನನ್ನ ತುಟಿಗೆ ಕೆಂಪು, ಇವರ ಮೀಸೆಗೆ ಇನ್ನಷ್ಟು ಕಪ್ಪು ತುಂಬಿದ್ದ. ನೋಡಿದವರೆಲ್ಲ ಬಹಳ ಚೆಂದ ಬಂದಿದೆ ಅಂದರು. ಆಮೇಲೆ, ಇವರು ಯಾರು ಅಂದರು.

ಇಷ್ಟಾದರೂ ಬುದ್ಧಿ ಬರಲಿಲ್ಲ. ರೇಣುಕಾಳ ಫೋಟೋ ನನಗೆ ತೀರ ಸಪ್ಪೆ ಎನಿಸಿತು. ನನ್ನ ಮೊಬೈಲಿನಲ್ಲಿ ಅದಕ್ಕೆ ಬೆರಳು ಸವರಿ, ಕಣ್ಣು ಕುಕ್ಕುವಷ್ಟು ಹಸಿರು ಮಾಡಿಕೊಂಡು, ಮಾವ ಸೊಸೆಯ ಜೊತೆ ಯರಗಟ್ಟಿಗೆ ಹೊರಟೆ. ಸಾವಕಾರರು ಎರಡನ್ನೂ ನೋಡಿದರು. ನನ್ನದು ನೋಡುತ್ತಲೇ ಮುಖ ಅರಳಿತು.

"ಹೊಲ ಅಂದ್ರ ಹಿಂಗಿರಬೇಕು ನೋಡ್ರಿ! ಇದನ್ನs ಹಾಕೂಣು."

ನಾನು ಒಳಗೊಳಗೇ ಸವದತ್ತಿ ಗುಡ್ಡದ ಯಲ್ಲಮ್ಮನಿಗೆ ಕೈ ಮುಗಿದೆ. ಡ್ರೋನ್ ಉಳಿಯಿತು!

"ಅದು ನಮ್ಮ ಹೊಲ ಅಲ್ರಿ, ಸಾವಕಾರ್ರ," ಎಂದಳು ರೇಣುಕಾ.

"ಮತ್ಯಾರದವ್ವಾ?"

"ಮೊಬೈಲಿಂದು. ನಿಮ್ಮ ಬೀಜ ಬಿತ್ತಿದ್ರ ಹಿಂಗs ಬರತೈತಿ ಅಂತ ರೈತ್ರು ನಂಬತಾರ. ಖರೇದ್ದು ಹಾಕೂದಿದ್ರ ಹಾಕ್ರಿ. ಇಲ್ಲಂದ್ರ ಬ್ಯಾಡ್ರಿ."

ಸಾವಕಾರರು ನಕ್ಕು, ಬ್ಯಾಡ ಬಿಡವ್ವಾ ಎಂದು ಚಹಾ ತರಿಸಿದರು. ಇಷ್ಟು ಕಹಿಯಾದ ಸಿಹಿ ಚಹಾ ನಾನು ಕುಡಿದಿಲ್ಲ. ಮನೆಗೆ ಬಂದವಳೇ ರೇಣುಕಾ ಡ್ರೋನನ್ನು ಚೀಲದೊಳಗಿಟ್ಟು ಜಿಪ್ ಎಳೆದಳು.

"ಅಂಥಾದ್ದೇನೈತಿ ಆ ಖರೇ ಫೋಟೋದಾಗ? ತಾ ಇಲ್ಲೆ," ಎಂದರು ಯಜಮಾನರು. ಮೊಬೈಲು ಹಿಡಿದು, ಬೆರಳಿನಿಂದ ಹಿಗ್ಗಿಸುತ್ತ ಹೋದವರು ಒಂದು ಕಡೆ ನಿಂತುಬಿಟ್ಟರು. ನಾನೂ ಬಗ್ಗಿ ನೋಡಿದೆ. ಹೊಲದ ನಡುವೆ ಒಂದು ಕರಿ ಗೆರೆ. ಪೈರಿಲ್ಲದ ಒಂದು ಸಾಲು, ದಾರ ಹಿಡಿದು ಎಳೆದ ಹಾಗೆ ನೆಟ್ಟಗೆ. ಬಿತ್ತಿದ ಮೇಲೆ ಅಲ್ಲಿ ಮೊಳಕೆ ಬರಲಿಲ್ಲವೆಂದು ಇವರು ಆವತ್ತಿನಿಂದಲೂ ಹಕ್ಕಿಗಳಿಗೆ ಶಾಪ ಹಾಕುತ್ತ ಬಂದಿದ್ದರು.

"ಹಕ್ಕಿ ಇಷ್ಟ ನೆಟ್ಟಗ ಸಾಲ ಹಿಡದು ತಿಂತಾವೇನ್ರಿ?" ಎಂದೆ.

ಇವರು ಆ ಗೆರೆಯುದ್ದಕ್ಕೂ ಬೆರಳು ಎಳೆದರು. ಆಮೇಲೆ ಮೆಲ್ಲಗೆ, "ಕೂರಿಗಿ ಕೊಳವಿಗೆ ಮಣ್ಣ ಕಟ್ಟಿರಬೇಕು. ಬೀಜಾನs ಬಿದ್ದಿಲ್ಲ," ಎಂದರು. ಬಿತ್ತುವಾಗ ಬೀಜ ಇಳಿಸುವ ಆ ಕೂರಿಗೆ ಹಿಡಿದವರು ಬೇರೆ ಯಾರೂ ಅಲ್ಲ, ಇವರೇ. ನಾನು ಗುಟ್ಟಾಗಿ ನನ್ನ ಹಸಿರು ಫೋಟೋ ತೆಗೆದು ನೋಡಿದೆ. ಅದರಲ್ಲಿ ಗೆರೆಯ ಸುಳಿವೇ ಇಲ್ಲ. ಹಸಿರು ಎಲ್ಲವನ್ನೂ ನುಂಗಿ ಕುಳಿತಿತ್ತು. ಅದನ್ನು ಅಲ್ಲೇ ಅಳಿಸಿದೆ.

ಯಜಮಾನರು ಸೊಸೆಯ ಕಡೆ ತಿರುಗಿದರು. "ಚೀಲ ಯಾಕ ಕಟ್ಟಿದಿ? ನಾಳೆ ನನ್ನ ತಮ್ಮನ ಹೊಲದ ಮ್ಯಾಲ ಹಾರಸು. ಅವನೂ ಹಕ್ಕಿ ಹಕ್ಕಿ ಅಂತಿರತಾನ."

ರೇಣುಕಾ ಸೆರಗು ಬಾಯಿಗೊತ್ತಿ ನಕ್ಕಳು. ಈಗ ಯಾರಾದರೂ ಬೆಳೆಯ ಮಾತು ತೆಗೆದರೆ ಸಾಕು, "ನಮ್ಮ ಸೊಸಿನ್ನ ಕರೀರಿ, ಇದ್ದದ್ದ ಇದ್ದಂಗ ತೋರಸತಾಳ" ಎಂದು ಇವರೇ ಶುರುಮಾಡುತ್ತಾರೆ. ಬಾಗಿಲಲ್ಲಿ ನಿಂತು ಅದನ್ನು ಕೇಳುವಾಗ ನನ್ನ ಎದೆ ಉಬ್ಬುತ್ತದೆ. ಉಬ್ಬಲಿ, ಇದಕ್ಕೆ ಯಾವ ಬಣ್ಣವನ್ನೂ ನಾನು ಬಳಿದಿಲ್ಲ.

ಸಂಜೆ ದೀಪ ಹಚ್ಚುವಾಗ ಒಂದು ಮಾತು ಹೊಳೆಯುತ್ತದೆ. ತಾಯಿ ಯಲ್ಲಮ್ಮಾ, ನೀನೂ ಗುಡ್ಡದ ಮೇಲಿಂದ ನೋಡುವವಳೇ, ನಿನ್ನ ಕಣ್ಣಿಗೂ ಫಿಲ್ಟರಿಲ್ಲ. ನನ್ನ ಬಾಳಿನಲ್ಲಿ ಬೀಜ ಬೀಳದ ಸಾಲು ಎಷ್ಟಿವೆಯೋ, ಎಲ್ಲವೂ ನಿನಗೆ ಕಂಡೇ ಕಂಡಿರುತ್ತವೆ. ಅಷ್ಟನ್ನೂ ಕಂಡ ಮೇಲೂ ಇಂಥ ಸೊಸೆಯನ್ನು ಕೊಟ್ಟೆಯಲ್ಲ!