ಮಾರ್ತಾಂಡರಾಯರು ಖಾಲಿ ತೊಟ್ಟಿಲು ತೂಗಿದ್ದು

ಪುಣೆಯ ಶುಕ್ರವಾರ ಪೇಟೆಯ ಹಳೆಯ ವಾಡೆಯೊಂದರಲ್ಲಿ ಚಿಕ್ಕದೊಂದು ವಸ್ತುಸಂಗ್ರಹಾಲಯವಿದೆ. ಬಂದವರಿಗೆ ಅಲ್ಲಿನ ವಸ್ತುಗಳನ್ನು ತೋರಿಸಿ ವಿವರಿಸುವವರು ಮಾರ್ತಾಂಡರಾಯರು. ನಮ್ಮ ಓಣಿಯವರು ಅವರನ್ನು ತೊಟ್ಟಿಲರಾಯರು ಎನ್ನುತ್ತಾರೆ. ಆ ಹೆಸರು ಹೇಗೆ ಬಂತೆಂದು ಕೇಳಿದರೆ ಅವರು ಕನ್ನಡಕ ಒರೆಸಲು ತೊಡಗುತ್ತಾರೆ. ಆದ್ದರಿಂದ ಅಂದು ಅಲ್ಲಿದ್ದ ಇಂದೂಬಾಯಿಯವರನ್ನೂ ಕಾಶವ್ವನವರನ್ನೂ ಬೇರೆ ಬೇರೆಯಾಗಿ ಕೇಳಿ ಇದನ್ನು ಬರೆದಿದ್ದೇನೆ. ಇಬ್ಬರ ಮಾತೂ ಕೂಡದ ಕಡೆ ಎರಡನ್ನೂ ಇಟ್ಟಿದ್ದೇನೆ.

ಇದು ೧೯೩೭ರ ಮಾತು. ಗದಗಿನ ಮಾರ್ತಾಂಡರಾಯರು ಆಗ ಪುಣೆಯಲ್ಲಿ ಇತಿಹಾಸದ ಎಂ.ಎ. ಓದುತ್ತಿದ್ದರು. ಅವರೂ ಅವರ ತರಗತಿಯ ಇಂದೂಬಾಯಿಯವರೂ ಸಂಗ್ರಹಾಲಯದಲ್ಲಿ ಕೆಲಸ ಕಲಿಯಲು ಸೇರಿದ್ದರು. ಮೂರ್ತಿಗಳ ಧೂಳು ತೆಗೆಯುವುದು, ಗೆದ್ದಲು ಹಿಡಿದಿದೆಯೇ ಎಂದು ನೋಡುವುದು, ವಸ್ತುವಿನ ಪಕ್ಕಕ್ಕೆ ಚೀಟಿ ಬರೆದಿಡುವುದು ಇವೆಲ್ಲ ರಾಯರಿಗೆ ಚೆನ್ನಾಗಿ ಬಂದವು. ಜನರನ್ನು ಕರೆದುಕೊಂಡು ಸುತ್ತಾಡಿಸುವುದು ಮಾತ್ರ ಬರಲಿಲ್ಲ. ಹುಕ್ಕಾ ನೋಡಬೇಕೆಂದು ಬಂದವನನ್ನೂ ಅವರು ಶಾತವಾಹನರಿಂದ ಹೊರಡಿಸುತ್ತಿದ್ದರು. ಒಮ್ಮೆ ಕಚೇರಿಯ ಕಾರಕೂನರ ಗುಂಪೊಂದಕ್ಕೆ ನಾಣ್ಯಗಳನ್ನು ವಿವರಿಸಿ ಹಿಂತಿರುಗಿ ನೋಡಿದರೆ ಪಹರೆಯವನೊಬ್ಬನೇ ನಿಂತಿದ್ದ. ಅವನೂ ಬಾಗಿಲು ಹಾಕಲು ಬಂದವನು.

ಸಂಗ್ರಹಾಲಯದ ಮುಖ್ಯಸ್ಥರು ಪಾಳಂದೆ ಸಾಹೇಬರು. ಬೆಳಗಾವಿಯಲ್ಲಿ ಬೆಳೆದವರಾದ್ದರಿಂದ ಕನ್ನಡ ಬಲ್ಲವರು. ಅವರು ಮಾರ್ತಾಂಡರಾಯರನ್ನು ಕರೆದು ಹೇಳಿದರು:

"ಇನ್ನೊಂದು ಸಲ ನೋಡ್ತೀನಿ. ಬಂದವರು ಕಡೀತನಕ ನಿಂತರ ಇಲ್ಲಿ ನೌಕರಿ ನಿಂದು. ನಡುವ ಎದ್ದು ಹೋದ್ರ ನೀನೂ ಅವರ ಹಿಂದ ಹೋಗಿಬಿಡು."

ಹೋಗುವುದೆಂದರೆ ಗದಗಿಗೆ, ತಂದೆಯ ಕಾಳಿನ ಅಂಗಡಿಗೆ. ಮಾರ್ತಾಂಡರಾಯರಿಗೆ ಸಾವಿರ ವರ್ಷದ ಧೂಳಿಗೆ ಬಾರದ ಸೀನು ಹೆಸರುಕಾಳಿನ ಧೂಳಿಗೆ ಬರುತ್ತಿತ್ತು. ಅಂಗಡಿಯಲ್ಲಿ ಒಂದು ದಿನ ಕೂತರೆ ಒಂದು ವಾರ ಮೂಗು ಕೆಂಪು.

"ಜನಕ್ಕ ಇಸವಿ ಬ್ಯಾಡೋ," ಎಂದರು ಇಂದೂಬಾಯಿ. "ಸಾಮಾನು ಹೆಂಗ ಬಳಸ್ತಿದ್ರು ಅದನ್ನ ಮಾಡಿ ತೋರಿಸು. ನಿನ್ನ ಭಾಷಣ ಕೇಳಿ ಕಲ್ಲಿನ ನಂದಿ ಸೈತ ಆಕಳಿಸ್ತದ."

ಪರೀಕ್ಷೆಯ ದಿನ ಬಂದವರು ರವಿವಾರ ಪೇಟೆಯ ಅರಿವೆ ವ್ಯಾಪಾರಿ ಸಿದ್ರಾಮಪ್ಪನವರ ಮನೆಯ ಹೆಂಗಸರು. ಮುಂದೆ ಅವರ ಹೆಂಡತಿ ಕಾಶವ್ವ, ಹಿಂದೆ ತುಂಬು ಬಸುರಿ ಸೊಸೆ ಚನ್ನಬಸವ್ವ, ಅವರ ಸುತ್ತ ನೆರೆಹೊರೆಯವರು. ಪಾಳಂದೆ ಸಾಹೇಬರು ತಮ್ಮ ಕೋಣೆಯಲ್ಲಿ ಬಾಗಿಲು ಅರೆ ತೆರೆದು ಕುಳಿತರು.

ಮಾರ್ತಾಂಡರಾಯರು ಶಾತವಾಹನರ ಸುದ್ದಿಗೇ ಹೋಗಲಿಲ್ಲ. ತೂಗುದೀಪಕ್ಕೆ ಎಣ್ಣೆ ಹೇಗೆ ಇಳಿಯುತ್ತದೆಂದು ತೋರಿಸಿದರು. ಎಲೆ ಅಡಿಕೆ ಪೆಟ್ಟಿಗೆಯ ಕಳ್ಳಖಾನೆ ಎಳೆದರು. ಹೆಂಗಸರು ಸುತ್ತ ಮುಕುರಿಕೊಂಡರು. "ಹುಡುಗ ಭಾಳ ಚಲೋ ಹೇಳ್ತಾನವ್ವಾ," ಎಂದು ಯಾರೋ ಅಂದರು. ಇದನ್ನು ಕೇಳಿ ಉಬ್ಬಿದ ರಾಯರು ಮುಂದಿನ ಕೋಣೆಗೆ ಹೋಗಿ, ಅಲ್ಲಿ ತೂಗುಹಾಕಿದ್ದ ಬಣ್ಣದ ಮರದ ತೊಟ್ಟಿಲನ್ನು ಜೋರಾಗಿ ತೂಗಿದರು. ಸರಪಳಿಯ ಗೆಜ್ಜೆಗಳು ಘಲ್ಲೆಂದವು.

ಹೆಂಗಸರು ಒಂದು ಹೆಜ್ಜೆ ಹಿಂದೆ ಸರಿದರು. ಚನ್ನಬಸವ್ವ ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡಳು.

"ಖಾಲಿ ತೊಟ್ಟಿಲು ತೂಗ್ತಾರೇನಪಾ?" ಎಂದರು ಕಾಶವ್ವ. "ಬಸರಿ ಹೆಂಗಸಿನ ಮುಂದ?"

"ಇದು ತೋರಸಾಕ ಇಟ್ಟ ವಸ್ತು ರೀ. ಮನ್ಯಾಗಿನ ತೊಟ್ಟಿಲ ಅಲ್ಲ."

"ಹಂಗಾರ ಇದಕ್ಕ ಏನಂತಾರ?"

"ತೊಟ್ಟಿಲು," ಎಂದರು ರಾಯರು.

"ನಡೀರವ್ವಾ, ಮನೀಗೆ ಹೋಗೂಣು."

ಹೆಂಗಸರು ಬಾಗಿಲ ಕಡೆ ತಿರುಗಿದರು. ರಾಯರಿಗೆ ಆಗಲೇ ಮೂಗಿನಲ್ಲಿ ಹೆಸರುಕಾಳಿನ ಧೂಳು ಹೊಕ್ಕಂತಾಯಿತು. "ಅವ್ವಾರ, ತಪ್ಪಾತರಿ," ಎಂದು ದಾರಿಗೆ ಅಡ್ಡ ನಿಂತರು. "ಇದಕ್ಕ ಪರಿಹಾರ ಏನಾರ ಅದ ಏನ್ರಿ?"

ಕಾಶವ್ವ ಯೋಚಿಸಿದರು. "ಹೆಸರಿಡೂ ದಿನ ಕೂಸಿನಕಿಂತ ಮೊದಲ ಗುಂಡಕಲ್ಲು ಮಲಗಸ್ತೇವಿ. ಕಲ್ಲು ಹಾಕಿ ಶಾಸ್ತ್ರ ಮಾಡಿದ್ರ ತೊಟ್ಟಿಲು ತುಂಬಿದಂಗ."

ಮಸಾಲೆ ಅರೆಯುವ ಗುಂಡುಕಲ್ಲು ಪಕ್ಕದ ಅಡುಗೆಮನೆಯ ಪ್ರದರ್ಶನದಲ್ಲೇ ಇತ್ತು. ಆದರೆ ಸಾಹೇಬರ ಅಪ್ಪಣೆಯಿಲ್ಲದೆ ಯಾವ ವಸ್ತುವನ್ನೂ ಕದಲಿಸಬಾರದು ಎಂಬುದು ಅಲ್ಲಿ ಕಲಿಸುವ ಮೊದಲ ಪಾಠ. ಅಪ್ಪಣೆ ಕೇಳಿ ಬರುವಷ್ಟರಲ್ಲಿ ಇವರು ಟಾಂಗಾ ಹತ್ತಿರುತ್ತಾರೆ. ಮಾರ್ತಾಂಡರಾಯರು ಕಲ್ಲನ್ನು ತಮ್ಮ ಹೆಗಲ ಮೇಲಿನ ಉಪರಣೆಯಲ್ಲಿ ಸುತ್ತಿ, ಎದೆಗವಚಿಕೊಂಡು ತಂದರು.

"ಕೂಸಿನ ಕುತ್ತಿಗಿಗೆ ಕೈ ಕೊಟ್ಟು ತರ್ರಿ," ಎಂದಳು ಚನ್ನಬಸವ್ವ. ಅವಳಿಗೆ ಆಗಲೇ ನಗು ಬಂದಿತ್ತು.

ಕಲ್ಲನ್ನು ತೊಟ್ಟಿಲ ಕೆಳಗಿಂದಲೂ ಮೇಲಿಂದಲೂ ಕೈಯಿಂದ ಕೈಗೆ ದಾಟಿಸಿ ಮಲಗಿಸಿದರು. ಆಮೇಲೆ ಕೂಸಿನ ಸೋದರತ್ತೆ, ಅಂದರೆ ತಂದೆಯ ಅಕ್ಕನೋ ತಂಗಿಯೋ, ಕಿವಿಯಲ್ಲಿ ಹೆಸರು ಹೇಳಬೇಕು. ಕಲ್ಲು ಹೊತ್ತು ತಂದ ರಾಯರೇ ಇಲ್ಲಿ ತಂದೆಯ ಲೆಕ್ಕ.

"ಈಕಿ ನಿನ್ನ ತಂಗಿ ಏನು?" ಎಂದು ಕಾಶವ್ವ ಗುಂಪಿನ ಹಿಂದೆ ನಿಂತಿದ್ದ ಇಂದೂಬಾಯಿಯನ್ನು ತೋರಿಸಿದರು.

"ಅಲ್ಲರಿ, ಕೂಡಿ ಕಲಿಯಾಕಿ."

"ನಡೀತದ. ಬಾ ತಂಗಿ, ಬಗ್ಗು."

ಇಂದೂಬಾಯಿ ಬಗ್ಗಿದರು. ಹೆಸರು ಹೇಳುವಾಗ ಸೋದರತ್ತೆಯ ಬೆನ್ನಿಗೆ ಗುದ್ದುವುದು ಪದ್ಧತಿ. ರವಿವಾರ ಪೇಟೆಯ ಹೆಂಗಸರು ಅದರಲ್ಲಿ ಸ್ವಲ್ಪವೂ ಜಿಪುಣತನ ಮಾಡಲಿಲ್ಲ. ತಾನು ಹೇಳಿದ್ದು ಗುಂಡೂರಾವ್ ಎಂದು ಇಂದೂಬಾಯಿ ಹೇಳುತ್ತಾರೆ. ಆಕೆ ಹೇಳಿದ್ದು ಬರೀ "ಅಯ್ಯಯ್ಯೋ" ಎಂದು ಕಾಶವ್ವ ಹೇಳುತ್ತಾರೆ.

ಜೋಗುಳ ಶುರುವಾಯಿತು. ಹೊರಗೆ ನಿಂತಿದ್ದವರೂ ಒಳಗೆ ಬಂದರು. ಸದ್ದಿಗೆ ಪಾಳಂದೆ ಸಾಹೇಬರೂ ಬಂದು, ತೊಟ್ಟಿಲಲ್ಲಿ ಮಲಗಿದ ಕಲ್ಲನ್ನು ನೋಡಿದರು.

"ಈ ಕಲ್ಲು ತಗದವರು ಯಾರು?" ಅವರ ದನಿ ಏರಿತು.

"ನಾನರಿ," ಎಂದರು ಮಾರ್ತಾಂಡರಾಯರು. "ಅಪ್ಪಣೆ ಕೇಳಿಲ್ಲರಿ. ಕೇಳಿದ್ರ ಇವರು ಹೋಗ್ತಿದ್ರು."

"ಸಾಹೇಬರ, ಮೆಲ್ಲಕ ಮಾತಾಡ್ರಿ," ಎಂದರು ಕಾಶವ್ವ. "ಈಗ ಮಲಗೇತಿ."

ಸಾಹೇಬರು ಅರಿವಿಲ್ಲದೆ ದನಿ ತಗ್ಗಿಸಿದರು. ತಗ್ಗಿದ ದನಿಯಲ್ಲಿ ಬೈಯಲು ನೋಡಿದರು, ಅದು ಆಗಲಿಲ್ಲ. ಗೋಡೆಯುದ್ದಕ್ಕೂ ನಿಂತ ಜನರನ್ನು ಒಮ್ಮೆ ನೋಡಿದರು. ಒಬ್ಬರೂ ಹೊರಡುವ ಲಕ್ಷಣವಿರಲಿಲ್ಲ.

"ಇವರು ಹೋದ ಮ್ಯಾಲೆ ಕಲ್ಲು ಅದರ ಜಾಗಾಕ್ಕ ಹೋಗಬೇಕು," ಎಂದು ಪಿಸುಗುಟ್ಟಿದರು. "ನೀ ಸೋಮವಾರದಿಂದ ನೌಕರಿಗೆ ಬಾ."

ಮಾರ್ತಾಂಡರಾಯರು ತೊಟ್ಟಿಲನ್ನು ಮೆಲ್ಲಗೆ ಇನ್ನೊಮ್ಮೆ ತೂಗಿದರು. ಅಷ್ಟರಲ್ಲಿ ಕಾಶವ್ವ ಆಚೆ ಕೋಣೆಯಲ್ಲಿ ಇಣುಕಿ, "ಇಲ್ಲೇ ಏನೇನೈತೋ ತಮ್ಮಾ? ಬಾ, ಹೇಳು," ಎಂದು ಕರೆದರು.

ಪಾಳಂದೆ ಸಾಹೇಬರು ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಟ್ಟರು.