ಮಾಹಿತಿದಾರರು ನಾಲ್ಕು

ಐವತ್ತು ಹತ್ತಿರ ಬಂದಾಗ ಜನ ಮಂಡಿನೋವಿಗೆ ಎಣ್ಣೆ ಹುಡುಕುತ್ತಾರೆ. ನಾನು ಹೊಸಪೇಟೆಯಲ್ಲಿ ಕಾನೂನು ಓದಲು ಸೇರಿ, ಆನರ್ಸ್ ಪ್ರಬಂಧಕ್ಕೆ ವಿಷಯ ಹುಡುಕಿದೆ. ಮಂಡಿನೋವು ಹೇಗೂ ಜೊತೆಗಿತ್ತು. ಹಂಪಿಯ ಸುತ್ತ ಕಟ್ಟಡ ಕಟ್ಟಲು ಇರುವ ನಿರ್ಬಂಧ, ಅದರಿಂದ ರಸ್ತೆ ಬದಿಯ ಅಂಗಡಿಯವರ ಪಾಡು: ಇದು ವಿಷಯ. ಮಾರ್ಗದರ್ಶಕರಾಗಿ ಸಿಕ್ಕ ಮೇಷ್ಟ್ರು ನನ್ನ ತಮ್ಮನಿಗಿಂತ ಚಿಕ್ಕವರು. ಅಧ್ಯಾಯ ಕೊಟ್ಟ ಮೇಲೆ ಅವರ ಫೋನು ಬರುವವರೆಗೆ ನನಗೆ ಊಟ ಸೇರುತ್ತಿರಲಿಲ್ಲ. ಬಂದ ಮೇಲೆ ನಿದ್ದೆ ಹತ್ತುತ್ತಿರಲಿಲ್ಲ.

"ಮೇಡಂ, ಬರೇ ತೀರ್ಪು ಜೋಡಿಸಿದ್ರ ಆಗಲ್ರಿ. ಜನರನ್ನ ಮಾತಾಡಸ್ರಿ. ಸಹಿ ತಗೋರಿ, ಹೆಸರು ಮಾತ್ರ ಎಲ್ಲೂ ಬರಬಾರದು," ಎಂದರು.

ಹಾಗೆ ಹಂಪಿ ಪಕ್ಕದ ಕಡ್ಡಿರಾಂಪುರದ ಹೆಂಗಸೊಬ್ಬಳ ತಗಡಿನ ಹೋಟೆಲಿಗೆ ಹೋದೆ. ಅನುಮತಿಯಿಲ್ಲದೆ ಕಟ್ಟಿದ್ದು, ತೆರವು ಮಾಡಿ, ಹೇಳುವುದಿದ್ದರೆ ವಿಚಾರಣೆಗೆ ಬನ್ನಿ ಎಂದು ಪ್ರಾಧಿಕಾರದ ಕಚೇರಿಯಿಂದ ಆಕೆಗೆ ನೋಟಿಸು ಬಂದಿತ್ತು. ನಿಯಮ ಬರುವ ಮುಂಚೆಯೇ ಮಾವ ಹಾಕಿದ ಹೋಟೆಲು ಎಂಬುದು ಆಕೆಯ ವಾದ. ಮಿರ್ಚಿ ಕರಿಯುತ್ತಲೇ ಎಲ್ಲ ಹೇಳಿದಳು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಇದು ನನ್ನ ಓದಿಗೆ ಎಂದು ಹೇಳಿ, ಒಪ್ಪಿಗೆ ಪತ್ರ ಓದಿ ತಿಳಿಸಿದೆ. ಆಕೆ ಸೆರಗಿಗೆ ಕೈ ಒರೆಸಿಕೊಂಡು, ಉಸಿರು ಬಿಗಿಹಿಡಿದು ಸಹಿ ಮಾಡಿದಳು.

ಬಿಟ್ಟುಹೋದ ಒಂದು ಪ್ರಶ್ನೆ ಕೇಳಲು ಮತ್ತೆ ಹೋದಾಗ, ವಿಚಾರಣೆ ಏನಾಯಿತೆಂದು ವಿಚಾರಿಸಿದೆ.

"ಹೋಗಲಿಲ್ರಿ ಅಕ್ಕಾರ."

"ಯಾಕ್ರಿ?"

"ನಿಮ್ಮ ಮುಂದ ಎಲ್ಲಾ ಹೇಳಿ ಸೈ ಮಾಡೀನಲ್ರಿ! ಟೇಪ್ ಬ್ಯಾರೆ ಮಾಡ್ಕೊಂಡ್ರಿ. ಮತ್ತ ಅದನ್ನ ಹೇಳಾಕ ಒಂದಿನ ಹೋಟೆಲ್ ಮುಚ್ಚಬೇಕೇನ್ರಿ?"

ಅಡಿಟಿಪ್ಪಣಿಯ ಅಲ್ಪವಿರಾಮ, ಹಾಳೆಯ ಅಂಚು, ರಟ್ಟಿನ ಬಣ್ಣ, ಎಲ್ಲದಕ್ಕೂ ಚಿಂತೆ ಮಾಡಿ ಮುಗಿಸಿದ್ದೆ. ಇದೊಂದು ಹೊಳೆದಿರಲಿಲ್ಲ.

ರೆಕಾರ್ಡಿಂಗ್ ಕಚೇರಿಗೆ ಕೊಡಬಹುದೇ ಎಂದು ಮೇಷ್ಟ್ರನ್ನು ಕೇಳಿದೆ. "ಆಕಿ ಒಪ್ಪಿದ್ರ ಕೊಡ್ರಿ. ಆದ್ರ ಆಕಿನೇ ಹೋಗಿ ಹೇಳಬೇಕಿತ್ತು," ಎಂದರು. ಇನ್ನೊಂದು ದಿನ ಕೊಡಿ ಎಂಬ ಅರ್ಜಿ ಹಿಡಿದು ಮೇಷ್ಟ್ರೂ ನಾನೂ ಕಚೇರಿಗೆ ಓಡಿದೆವು. ತೆರವಿನ ಆದೇಶ ಆಗಲೇ ಹೊರಟಿತ್ತು. ಮರುವಾರ ಜೆಸಿಬಿ ಬಂತು.

ನನ್ನ ಪ್ರಬಂಧದಲ್ಲಿ ಆಕೆ 'ಮಾಹಿತಿದಾರರು ನಾಲ್ಕು'. "ಕೆಡವಿದ್ದನ್ನೂ ಸೇರಸ್ರಿ ಮೇಡಂ, ಅಧ್ಯಾಯಕ್ಕ ತೂಕ ಬರ್ತೈತಿ," ಎಂದರು ಮೇಷ್ಟ್ರು, ನನ್ನ ಮುಖ ನೋಡದೆ.

ಕಡ್ಡಿರಾಂಪುರಕ್ಕೆ ಹೋದೆ. ಒಲೆ ಇದ್ದ ಜಾಗದಲ್ಲಿ ಕೂತು ಆಕೆ ಸೊಟ್ಟಗಾದ ತಗಡುಗಳನ್ನು ಬಡಿದು ನೆಟ್ಟಗೆ ಮಾಡುತ್ತಿದ್ದಳು.

"ಬರ್ರಿ ಅಕ್ಕಾರ, ಕುಂದ್ರಿ. ಹೆಂಗ ಕೆಡವಿದ್ರು ಅಂತ ಪೂರಾ ಹೇಳ್ತೀನಿ. ಟೇಪ್ ಹಚ್ರಿ."

"ಅದು ಬ್ಯಾಡ್ರಿ. ಮೇಲ್ಮನವಿ ಹಾಕಬೇಕು, ಜಲ್ದಿ. ನಡೀರಿ, ಹೊಸಪೇಟಿಯಾಗ ವಕೀಲರ ಹತ್ರ ಹೋಗೋಣು."

ಆಕೆಯ ಕೈಯ ಸುತ್ತಿಗೆ ನಿಂತಿತು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ವಕೀಲರ ಹತ್ರಾ? ಹಂಗಾದ್ರ ನೀವು ಯಾರ್ರಿ?"